ತಂಗಡಿ: ಉತ್ಕರ್ಷಣ ನಿರೋಧಕ ಮತ್ತು ಉರಿಯೂತ ಶಾಮಕ ಗುಣಗಳು

ತಂಗಡಿ (ಸೆನ್ನಾ ಆರಿಕ್ಯುಲೇಟ) ಫ್ಯಾಬೇಸೀ ಕುಟುಂಬದ ಹಳದಿ ಹೂವಿನ ಪೊದೆಗಿಡ. ಆವರಿಕೆ ಎಂಬ ಹೆಸರೂ ಇದೆ, ಆಯುರ್ವೇದದಲ್ಲಿ ಆವರ್ತಕಿ. 1753ರಲ್ಲಿ ಲಿನೇಯಸ್ ಇದನ್ನು ಕ್ಯಾಸಿಯ ಜಾತಿಗೆ ಸೇರಿಸಿದ್ದ. ಕೃಷ್ಣಾ-ತುಂಗಭದ್ರಾ ನದಿಗಳ ನಡುವಣ ಒಣನಾಡಿನ, ಅಂದರೆ ಗಿಲ್ಲೆಸುಗೂರು, ದೇವದುರ್ಗ, ಮಾನ್ವಿ ಸೀಮೆಯ ಮಸಾರಿ ನೆಲಕ್ಕೂ ಕಲ್ಲುಗುಡ್ಡಗಳಿಗೂ ಒಗ್ಗಿದ ಗಿಡವಿದು. ದನಗಳು ಸಾಮಾನ್ಯವಾಗಿ ಬಾಯಿ ಹಾಕವು. ನೆರೆಯ ತೆಲಂಗಾಣಕ್ಕೆ ಇದು ರಾಜ್ಯಪುಷ್ಪ.

ತೊಗಲಿನ ಹದ: ತಂಗಡಿಯ ಔಷಧಗುಣದ ಚರ್ಚೆ ತೊಗಲು ಹದಮಾಡುವ ಗುಂಡಿಯಿಂದ ಶುರುವಾಗಬೇಕು. ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಕೆರೆದ ತೊಗಲನ್ನು ತಂಗಡಿ ಚಕ್ಕೆಯ (ತೊಗಟೆಯ) ರಸದಲ್ಲಿ ದಿನಗಟ್ಟಲೆ ಅದ್ದಿಡುತ್ತಿದ್ದರು. ರಸ ಸಪ್ಪೆಯಾದಂತೆಲ್ಲ ಹೊಸ ಚಕ್ಕೆ ಬೆರೆಸಿ, ಕೊನೆಗೆ ಅಳಲೆಕಾಯಿ ರಸದಲ್ಲಿ ಕೆಲಸ ಮುಗಿಸುತ್ತಿದ್ದರು. ಚಕ್ಕೆಯ ಟ್ಯಾನಿನ್‌ಗಳು ತೊಗಲಿನ ಕೊಲಾಜನ್ ಎಂಬ ಪ್ರೋಟೀನನ್ನು ಹಿಡಿದು ಅದು ಕೊಳೆಯದಂತೆ ಮಾಡುತ್ತವೆ. 19ನೇ ಶತಮಾನದಲ್ಲಿ ಮದರಾಸಿನಿಂದ ಬ್ರಿಟನ್ನಿಗೆ ಹೋಗುತ್ತಿದ್ದ ತೊಗಲಿಗೆ ಮುಖ್ಯವಾಗಿ ಬಳಕೆಯಾದದ್ದು ಈ ಚಕ್ಕೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಆಫ್ರಿಕಾದ ವಾಟಲ್ ತೊಗಟೆಯೂ ಕ್ರೋಮ್ ವಿಧಾನವೂ ಬಂದು ಬೇಡಿಕೆ ಕುಗ್ಗಿತು. ಟ್ಯಾನಿನ್ ಎಂಬ ಹೆಸರು ತಿಳಿಯುವುದಕ್ಕೆ ಬಹಳ ಮೊದಲೇ ಅದರ ಬಲವನ್ನು ಕೈಯಿಂದ ಅರಿತವರು ಮಾದಿಗರೇ ಮೊದಲಾದ ಚರ್ಮಕಾರ ಸಮುದಾಯದವರು. ವೈದ್ಯಗ್ರಂಥಗಳನ್ನು ನೆನೆಯುವ ಔಷಧಶಾಸ್ತ್ರದ ಬರಹಗಳು ಇವರನ್ನು ಮರೆಯುವುದು ನ್ಯಾಯವಲ್ಲ.

ಉತ್ಕರ್ಷಣ ನಿರೋಧ: ಹೂ, ಎಲೆ, ತೊಗಟೆಗಳಲ್ಲಿ ಟ್ಯಾನಿನ್‌ಗಳ ಜೊತೆಗೆ ಫ್ಲೇವನಾಯ್ಡ್‌ಗಳೂ ಇವೆ. ಸಾರದ ಉತ್ಕರ್ಷಣ ನಿರೋಧಕ ಬಲವನ್ನು ಅಳೆಯಲು ಹೆಚ್ಚಾಗಿ ಬಳಸುವುದು ಡಿಪಿಪಿಎಚ್ ಪರೀಕ್ಷೆ. ಡಿಪಿಪಿಎಚ್‌ನ ನೇರಳೆ ದ್ರಾವಣಕ್ಕೆ ಸಾರ ಹಾಕಿದರೆ ಅದು ಹಳದಿಗೆ ತಿರುಗುತ್ತದೆ. ಬಣ್ಣ ಎಷ್ಟು ಇಳಿಯಿತೆಂಬುದನ್ನು 517 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ತಂಗಡಿ ಹೂವಿನ ಸಾರ ಇದರಲ್ಲಿ ಉತ್ತಮ ಫಲ ಕೊಟ್ಟ ವರದಿಗಳಿವೆ. ಆದರೆ ದೊಡ್ಡ ಟ್ಯಾನಿನ್ ಅಣುಗಳು ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಆದ್ದರಿಂದ ಗಾಜಿನ ಕೊಳವೆಯಲ್ಲಿ ಸಿಕ್ಕ ಅಂಕಿಯನ್ನು ಔಷಧದ ಬಲವೆಂದು ಓದುವಂತಿಲ್ಲ.

ಉರಿಯೂತ ಶಮನ: ಇಲಿಯ ಪಾದಕ್ಕೆ ಕ್ಯಾರಜೀನನ್ ಚುಚ್ಚಿ ಬಾವು ಬರಿಸಿ, ಸಾರದಿಂದ ಅದು ಇಳಿಯುವುದೇ ಎಂದು ನೋಡುವುದು ರೂಢಿಯ ವಿಧಾನ. ಮೊಟ್ಟೆಯ ಬಿಳಿಯ ಪ್ರೋಟೀನು ಕಾವಿಗೆ ಕೆಡುವುದನ್ನು ಸಾರ ತಡೆಯುವುದೇ ಎಂದು ನೋಡುವ ಅಗ್ಗದ ಪರೀಕ್ಷೆಯೂ ಬಳಕೆಯಲ್ಲಿದೆ. ತಂಗಡಿಯಂಥ ಗಿಡಕ್ಕೆ ಈ ಎರಡನೆಯದು ಒಪ್ಪುವುದಿಲ್ಲ. ತೊಗಲನ್ನು ಹಿಡಿಯುವ ಟ್ಯಾನಿನ್ ಮೊಟ್ಟೆಯ ಪ್ರೋಟೀನನ್ನೂ ಹಿಡಿಯುತ್ತದೆ. ಅಲ್ಲಿ ಕಾಣುವುದು ಹದದ ಗುಣವೋ ಉರಿಯೂತದ ಶಮನವೋ ಬೇರ್ಪಡಿಸಲಾಗದು. ಟ್ಯಾನಿನ್ ತೆಗೆದ ಸಾರವನ್ನೂ ಜೊತೆಗಿಟ್ಟು ಹೋಲಿಸಿದ ಅಧ್ಯಯನಗಳಿಗೆ ಹೆಚ್ಚಿನ ಬೆಲೆ ಕೊಡಬೇಕು.

ಬಳಕೆಯಲ್ಲಿ ಎಚ್ಚರ: ಹೂವಿನ ಸಾರ ಪ್ರಯೋಗದ ಇಲಿಗಳಲ್ಲಿ ರಕ್ತದ ಸಕ್ಕರೆಯನ್ನು ಇಳಿಸಿದೆ. 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮೂರ್ಛೆರೋಗದ ಔಷಧವಾದ ಕಾರ್ಬಮಜೆಪೈನ್ ಜೊತೆಗೆ ತಂಗಡಿ ಕಷಾಯ ಕುಡಿದ ಇಲಿಗಳ ರಕ್ತದಲ್ಲಿ ಆ ಔಷಧದ ಮಟ್ಟ ಏರಿತು. ಮೂರ್ಛೆರೋಗಕ್ಕೋ ಸಕ್ಕರೆ ಕಾಯಿಲೆಗೋ ಮಾತ್ರೆ ನುಂಗುತ್ತಿರುವವರು ವೈದ್ಯರಿಗೆ ತಿಳಿಸದೆ ತಂಗಡಿ ಕಷಾಯ ಕುಡಿಯಬಾರದು.