ಆನೆದಂತದಿಂದ ಲೋಹದವರೆಗೆ: ಮೊಣಕಾಲು ಕೀಲಿನ ಕಥೆ

ಇಂಗ್ಲೆಂಡಿನ ಕಲ್ಲಿದ್ದಲು ನಗರದ ಹೆಸರನ್ನೇ ಹೊತ್ತ ನಮ್ಮ ನ್ಯೂಕ್ಯಾಸಲ್ ಕೂಡ ಕಲ್ಲಿದ್ದಲಿನ ಊರು. 1863ರಿಂದ ಸುಮಾರು ನೂರು ವರ್ಷ ಇಲ್ಲಿ ಗಣಿಗಾರಿಕೆ ನಡೆಯಿತು. ಕೂಗರ್ ಪರ್ವತದ ಕಾಲುದಾರಿಗಳಲ್ಲಿ ಅದರ ಕುರುಹುಗಳು ಇಂದಿಗೂ ಇವೆ. ಗಣಿಯಲ್ಲಿ ಮಂಡಿಯೂರಿ ದುಡಿದವರ ಕೀಲುಗಳೇ ಮುಂದೆ ವೈದ್ಯಶಾಸ್ತ್ರದ ಪಾಠವಾದವು. ಮ್ಯಾಂಚೆಸ್ಟರಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1952ರಲ್ಲಿ ಗಣಿ ಕಾರ್ಮಿಕರ ಎಕ್ಸ್‌ರೇಗಳನ್ನು ಪರಿಶೀಲಿಸಿ, ಮೊಣಕಾಲಿನ ಸವೆತ ಅವರಲ್ಲಿ ಹೆಚ್ಚೆಂದು ತೋರಿಸಿದರು. ಊರಿನಿಂದ ಬರುವ ನಮ್ಮ ತಂದೆತಾಯಿಯರ ವರದಿಗಳಲ್ಲಿ 'ನಾಲ್ಕನೆಯ ಗ್ರೇಡ್' ಎಂದಿರುತ್ತದಲ್ಲ, ಅದು ಇವರಿಬ್ಬರೂ 1957ರಲ್ಲಿ ರೂಪಿಸಿದ ಶ್ರೇಣಿಯೇ.

ಸವೆದ ಕೀಲನ್ನು ಬದಲಿಸುವ ಸಾಹಸ ಇನ್ನೂ ಹಳೆಯದು. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಆನೆದಂತದ ತಿರುಗಣಿ ಮಾಡಿ ಕ್ಷಯದಿಂದ ಹಾಳಾದ ಮೊಣಕಾಲುಗಳಿಗೆ ಜೋಡಿಸಿದ. ಸೋಂಕು ಅವನನ್ನು ಸೋಲಿಸಿತು. 1968ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಕೆನಡಾದ ಫ್ರ್ಯಾಂಕ್ ಗನ್‌ಸ್ಟನ್, ಪ್ಲಾಸ್ಟಿಕ್ಕಿನ ಮೇಲೆ ಲೋಹ ಜಾರುವ ಕೀಲನ್ನು ಸಿಮೆಂಟಿನಿಂದ ಕೂರಿಸಿದರು. ಇಂದಿನ ಕೀಲಿನ ಮೂಲರೂಪ 1974ರಲ್ಲಿ ನ್ಯೂಯಾರ್ಕಿನಲ್ಲಿ ಸಿದ್ಧವಾಯಿತು. ಅದನ್ನು ರೂಪಿಸಿದವರಲ್ಲಿ ಜಾನ್ ಇನ್ಸಾಲ್ ಅವರೊಡನೆ ಭಾರತ ಮೂಲದ ಚಿತ್ತರಂಜನ್ ರಾಣಾವತ್ ಅವರೂ ಇದ್ದರು. 2000 ಮತ್ತು 2001ರಲ್ಲಿ ಪ್ರಧಾನಿ ವಾಜಪೇಯಿಯವರ ಎರಡೂ ಮೊಣಕಾಲುಗಳನ್ನು ಮುಂಬಯಿಯಲ್ಲಿ ಬದಲಿಸಿದವರು ಇವರೇ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈ ಶಸ್ತ್ರಚಿಕಿತ್ಸೆಯ ಮಾತು ಮೊದಲು ಬಂದದ್ದು ಆ ಸುದ್ದಿಯಿಂದ. ಖರ್ಚಿನ ಭಯ ಸ್ವಲ್ಪ ತಗ್ಗಿದ್ದು 2017ರ ಆಗಸ್ಟ್‌ನಲ್ಲಿ, ಭಾರತ ಸರ್ಕಾರ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿದಾಗ; ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ.

ಫಲಿತಾಂಶವೇನು? ಸ್ವೀಡನ್ 1975ರಿಂದಲೇ ಪ್ರತಿಯೊಂದು ಕೀಲಿನ ಲೆಕ್ಕವಿಡತೊಡಗಿತು. ಅನಂತರ ಬೇರೆ ದೇಶಗಳೂ ಇಟ್ಟವು. ಆಸ್ಟ್ರೇಲಿಯಾ ಮತ್ತು ಫಿನ್ಲೆಂಡಿನ ಅಂಥ ದಾಖಲೆಗಳನ್ನು ಆಧರಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದಂತೆ, ನೂರಕ್ಕೆ ಸುಮಾರು 82 ಕೀಲುಗಳು 25 ವರ್ಷ ಬಾಳುತ್ತವೆ. ಎಪ್ಪತ್ತರ ಹರೆಯದ ಅಮ್ಮನಿಗೆ ಇದು ಸಾಕಷ್ಟೇ ದೀರ್ಘ ಭರವಸೆ. ಆದರೆ ಕೀಲು ಬಾಳುವುದು ಬೇರೆ, ಕೀಲು ಪಡೆದವರು ತೃಪ್ತರಾಗುವುದು ಬೇರೆ. ರೋಗಿಗಳನ್ನೇ ಕೇಳಿದ ಹಲವು ಅಧ್ಯಯನಗಳಲ್ಲಿ ಐವರಲ್ಲಿ ಒಬ್ಬರು ಅತೃಪ್ತಿ ಸೂಚಿಸಿದ್ದಾರೆ. 1974ರ ಕೀಲು ಸರಾಸರಿ ಸುಮಾರು 90 ಡಿಗ್ರಿಯಷ್ಟೇ ಮಡಿಯುತ್ತಿತ್ತು. ಕುರ್ಚಿಯಲ್ಲಿ ಕೂರುವವರಿಗೆ ಅದು ನಡೆದೀತು. ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಪೂಜೆಗೆ ಕೂರುವ, ಮಣೆಯ ಮೇಲೆ ಊಟ ಮಾಡುವ ನಮ್ಮವರ ಬದುಕು ಆ ನಕ್ಷೆಯಲ್ಲಿ ಇರಲಿಲ್ಲ. ಈಗಿನ ಕೀಲುಗಳು ಹೆಚ್ಚು ಮಡಿಯುತ್ತವೆ. ಆದರೂ ಕುಕ್ಕರುಗಾಲಿನಲ್ಲಿ ಕೂರುವ ಆಸೆಯನ್ನು ಹೆಚ್ಚಿನವರು ಬಿಡಬೇಕಾಗುತ್ತದೆ. ಆಪರೇಷನ್ ಮಾಡಿಸೋಣವೇ ಎಂದು ಇಲ್ಲಿಂದ ಫೋನಿನಲ್ಲಿ ಚರ್ಚಿಸುವ ಮಕ್ಕಳು ನೋವಿನ ಬಗ್ಗೆ ಕೇಳುತ್ತಾರೆ, ಈ ವಿಷಯವನ್ನು ಕೇಳುವುದೇ ಇಲ್ಲ.

ಶಸ್ತ್ರಚಿಕಿತ್ಸೆಯನ್ನು ವ್ಯಾಯಾಮ, ತೂಕ ಇಳಿಕೆ ಮುಂತಾದವುಗಳೊಡನೆ ನೇರವಾಗಿ ಹೋಲಿಸಿದ ಪ್ರಯೋಗ ಡೆನ್ಮಾರ್ಕಿನಿಂದ 2015ರಲ್ಲಿ ಬಂದಿತು. 100 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ವರ್ಷದಲ್ಲಿ ಕೀಲು ಬದಲಿಸಿಕೊಂಡವರಲ್ಲಿ ನೂರಕ್ಕೆ 85 ಮಂದಿಗೆ ಗಣನೀಯ ಸುಧಾರಣೆ. ವ್ಯಾಯಾಮದ ಗುಂಪಿನಲ್ಲಿ 67 ಮಂದಿಗೆ. ಗಂಭೀರ ತೊಡಕುಗಳು ಮಾತ್ರ ಮೊದಲನೆಯ ಗುಂಪಿನಲ್ಲೇ ಹೆಚ್ಚು. ಅತಿ ತೀವ್ರ ನೋವಿನವರನ್ನು ಆ ಪ್ರಯೋಗಕ್ಕೆ ಸೇರಿಸಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ವ್ಯಾಯಾಮದ ಗುಂಪಿನ ಸುಮಾರು ಕಾಲು ಭಾಗ ಜನ ಅದೇ ವರ್ಷದೊಳಗೆ ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡರು. ಉಳಿದವರು ತಮ್ಮ ಹಳೆಯ ಮೊಣಕಾಲಿನಲ್ಲೇ ನಡೆಯುತ್ತಿದ್ದರು.