ಮಂಗಳೂರಿನ ಬೊಮ್ಮ: ಯೆಹೂದ್ಯ ಪತ್ರಗಳಲ್ಲಿ ಶರಣಯುಗದ ಒಬ್ಬ ಆಳು

ಮಠಮನೆಗಳಲ್ಲಿ ಧೂಳು ಹಿಡಿದು ಬಿದ್ದಿದ್ದ ತಾಡವೋಲೆಯ ಕಟ್ಟುಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರ ಸಾಹಸವು ಸರ್ವವಿದಿತ. ಅದಕ್ಕೆ ಕಾಲು ಶತಮಾನದಷ್ಟು ಹಿಂದೆ, ಈಜಿಪ್ಟ್ ದೇಶದಲ್ಲಿಯೂ ಅಂತಹುದೇ ಒಂದು ನಿಧಿ ಹೊರಬಂದಿತು. ದೇವನಾಮ ಬರೆದಿರಬಹುದಾದ ಕಾಗದವನ್ನು ನಾಶಪಡಿಸಲಾಗದೆಂಬುದು ಯೆಹೂದ್ಯರ ಆಚಾರ. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಅಂತಹ ಕಾಗದಗಳನ್ನು ಶತಮಾನಗಳ ಕಾಲ ಒಂದು ಕೋಣೆಯಲ್ಲಿ ಹಾಕುತ್ತ ಬಂದಿದ್ದರು. ಆ ಕೋಣೆಗೆ ‘ಗೆನಿಜಾ’ ಎಂದು ಹೆಸರು. ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು 1896-97ರಲ್ಲಿ ಅದರ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು.

ಆ ಕಾಗದಗಳಲ್ಲಿ ಕರ್ನಾಟಕದ ಕರಾವಳಿಯೂ ಅಡಗಿತ್ತು. ಇಂದಿನ ಟ್ಯುನೀಸಿಯದ ಮಹದಿಯಾ ಪಟ್ಟಣದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು ಏಡನ್ ಮಾರ್ಗವಾಗಿ ಬಂದು ಮಂಗಳೂರಿನಲ್ಲಿ ನೆಲೆಸಿದನು. 1149ರವರೆಗೆ ಅವನ ವಾಸ ಈ ತೀರದಲ್ಲಿಯೇ. ಮೆಣಸು, ಅಡಕೆ, ಏಲಕ್ಕಿ, ಕಬ್ಬಿಣಗಳನ್ನು ಕಳುಹಿಸುವುದು, ಏಡನ್‌ನಿಂದ ಬಂದ ತಾಮ್ರದಿಂದ ಪಾತ್ರೆಗಳನ್ನು ಮಾಡಿಸುವುದು ಅವನ ವ್ಯವಹಾರ. 1132ರ ಅಕ್ಟೋಬರ್ 17ರಂದು ಅವನು ಅಶು ಎಂಬ ದಾಸಿಯನ್ನು ಬಂಧಮುಕ್ತಗೊಳಿಸಿ ಬರೆದುಕೊಟ್ಟ ಪತ್ರವು ಉಳಿದಿದೆ. ಅವಳೇ ಅವನ ಪತ್ನಿಯಾದಳೆಂಬುದು ವಿದ್ವಾಂಸರ ಅಭಿಮತ.

ಈ ಪತ್ರಗಳನ್ನು ಒಂದೇ ಶಾಸ್ತ್ರ ಬಲ್ಲವರು ಓದಲಾರರು. ಭಾಷೆ ಅರಬ್ಬಿ, ಲಿಪಿ ಹೀಬ್ರೂ, ವಿಷಯ ವಾಣಿಜ್ಯ, ಸ್ಥಳ ತುಳುನಾಡು. ಆದುದರಿಂದ ಯೆಹೂದ್ಯ ಅಧ್ಯಯನವು ಮೊದಲಿನಿಂದಲೂ ಹಲವು ಶಾಸ್ತ್ರಗಳ ಸಂಗಮವಾಗಿ ಬೆಳೆಯಬೇಕಾಯಿತು. ಎಸ್. ಡಿ. ಗೋಯ್ಟೈನ್ ಅವರು ಜೆರುಸಲೇಮಿನಲ್ಲಿಯೂ ಅನಂತರ ಅಮೆರಿಕದಲ್ಲಿಯೂ ಬೋಧಿಸುತ್ತ ಈ ವರ್ತಕರ ಓಲೆಗಳನ್ನು ಸಂಗ್ರಹಿಸಿದರು. ಅವರು 1985ರಲ್ಲಿ ತೀರಿಕೊಂಡ ಬಳಿಕ ಎಂ. ಎ. ಫ್ರೀಡ್‌ಮನ್ ಅವರು ಆ ಕಾರ್ಯವನ್ನು ಮುಂದುವರಿಸಿ 2008ರಲ್ಲಿ ಇಂಗ್ಲಿಷ್ ಸಂಪುಟವನ್ನು ಹೊರತಂದರು.

ಈ ಸಂಗಮದ ಫಲ ಒಂದು ಹೆಸರಿನಲ್ಲಿ ಸ್ಪಷ್ಟವಾಗುತ್ತದೆ. 1148ರಲ್ಲಿ ಏಡನ್‌ನ ಖಲಾಫ್ ಬೆನ್ ಇಸಾಕ್ ಎಂಬವನು ಬೆನ್ ಯಿಜುವಿಗೆ ಬರೆದ ಪತ್ರದಲ್ಲಿ ಅವನ ಆಳಿಗೂ ವಂದನೆ ತಿಳಿಸಿದ್ದಾನೆ. ಅನ್ಯ ಪತ್ರಗಳಿಂದ ತಿಳಿದುಬರುವ ಆ ಆಳಿನ ಹೆಸರು ಬ, ಮ, ಹ ಎಂಬ ಮೂರೇ ಅಕ್ಷರ. ಹೀಬ್ರೂ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ದ್ವಿತ್ವವೂ ತೋರುವುದಿಲ್ಲ. ಕೊನೆಯ ಹಕಾರವು ಇಲ್ಲಿ ಸ್ವರಸೂಚಕ. ಗುಣಿತಾಕ್ಷರವಿಲ್ಲದ ಬರೆಹವನ್ನು ಓದುವಷ್ಟೇ ತೊಡಕು! ಮಾನವಶಾಸ್ತ್ರಜ್ಞ ಅಮಿತಾವ್ ಘೋಷ್ ಅವರು ಮಂಗಳೂರಿಗೆ ಬಂದು, ತುಳು ಜಾನಪದವನ್ನು ಬಲ್ಲ ಬಿ. ಎ. ವಿವೇಕ ರೈ ಅವರ ನೆರವಿನಿಂದ ಅದನ್ನು ‘ಬೊಮ್ಮ’ ಎಂದು ನಿಶ್ಚಯಿಸಿದರು. ಅವರ ‘ಇನ್ ಆನ್ ಆಂಟೀಕ್ ಲ್ಯಾಂಡ್’ ಕೃತಿಯು 1992ರಲ್ಲಿ ಪ್ರಕಟವಾಯಿತು. ಕಿನ್ನರಿ ಬೊಮ್ಮಯ್ಯನ ಹೆಸರನ್ನು ಬಲ್ಲ ವಚನಾಭ್ಯಾಸಿಗೆ ಬ್ರಹ್ಮ ಶಬ್ದದ ಈ ತದ್ಭವವು ಹೊಸತಲ್ಲ.

ಈ ಬೊಮ್ಮನು ಶರಣರ ಸಮಕಾಲೀನ. ಬಿಜ್ಜಳನು ಕಲ್ಯಾಣವನ್ನಾಳಿದ ಕಾಲ 1157ರಿಂದ 1167. ಬೊಮ್ಮನ ಉಲ್ಲೇಖಗಳು ಅದಕ್ಕೆ ತುಸು ಹಿಂದಿನವು. ಅವನಿಗೂ ಶರಣರಿಗೂ ಸಂಬಂಧವಿತ್ತೆಂದು ಹೇಳಲು ಆಧಾರವಿಲ್ಲ, ಹೇಳಲೂಬಾರದು. ಆದರೆ ವಚನಗಳಲ್ಲಿ ಬರುವ ಆಳು, ತೊತ್ತು ಎಂಬ ಮಾತುಗಳನ್ನು ಬರಿಯ ಅಲಂಕಾರವೆಂದು ತಿಳಿಯುವುದು ಇನ್ನು ಸಾಧ್ಯವಿಲ್ಲ. ಒಬ್ಬ ಹೆಣ್ಣುಮಗಳ ಬಿಡುಗಡೆಗೆ ತಾರೀಖು ಸಹಿತ ಪತ್ರ ಬರೆಯಬೇಕಾಗಿದ್ದ ಕಾಲವದು. ಅಂತಹ ಕಾಲದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ತಮ್ಮ ಹುಟ್ಟನ್ನು ಚೆನ್ನಯ್ಯ, ಕಕ್ಕಯ್ಯರ ಮನೆಯ ದಾಸದಾಸಿಯರೊಡನೆ ಕೂಡಿಸಿ ಹೇಳಿಕೊಂಡರು. ಆ ನುಡಿಯನ್ನು ಕೇಳಿದವರಿಗೆ ದಾಸರ ಬಾಳು ಪ್ರತ್ಯಕ್ಷವಾಗಿ ತಿಳಿದಿತ್ತು. ಘೋಷರೂ ತಮ್ಮ ಗ್ರಂಥದಲ್ಲಿ ವಚನಕಾರರ ಈ ದಾಸಭಾವವನ್ನು ಚರ್ಚಿಸಿರುವುದು ಗಮನಾರ್ಹ.

ನಮ್ಮ ಕಾಲೇಜುಗಳಲ್ಲಿ ಸಾಹಿತ್ಯ, ಶಾಸನ, ಜಾನಪದ, ವಾಣಿಜ್ಯೇತಿಹಾಸಗಳು ಬೇರೆ ಬೇರೆ ಕೊಠಡಿಗಳಲ್ಲಿ ನಡೆಯುವುದೇ ವಾಡಿಕೆ. ಮೂರಕ್ಷರದ ಒಂದು ಹೆಸರನ್ನು ಓದಲು ಹೀಬ್ರೂ ಪಂಡಿತರೂ ತುಳು ವಿದ್ವಾಂಸರೂ ಕೂಡಬೇಕಾಯಿತು. ವಚನಗಳಲ್ಲಿ ಬರುವ ಕಾಯಕದ ಹೆಸರುಗಳು, ನಾಣ್ಯಗಳು, ಅಳತೆಗಳು ಇಂದಿಗೂ ಅಂತಹ ಕೂಡುವಿಕೆಯನ್ನು ಕಾಯುತ್ತಿವೆ.