ಹುಬ್ಬಳ್ಳಿಯ ಒತ್ತು, ಕಲ್ಲಚ್ಚು ಮತ್ತು ಲಿನಕ್ಸ್

ಕೆಲವು ವರ್ಷಗಳ ಹಿಂದಿನ ಮಾತು. ಅಪ್ಪ ತಮ್ಮ ಮಾಸ್ತರಿಕೆಯ ನೆನಪುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಕಣ್ಣಿನ ದೃಷ್ಟಿ ದಿನೇ ದಿನೇ ಕಡಿಮೆಯಾಗುತ್ತಿತ್ತು. “ದೊಡ್ಡ ಅಕ್ಷರದಾಗ ತಗದು ಕೊಡಪಾ, ಕಣ್ಣು ಪೂರಾ ಹೋಗೂದ್ರೊಳಗ ಒಮ್ಮೆ ಓದತೇನಿ” ಅಂದರು.

ಮನೆಯಲ್ಲಿ ಒಂದು ಹಳೇ ಲೇಸರ್ ಪ್ರಿಂಟರ್ ಇತ್ತು. ಹೊಸ ವಿಂಡೋಸ್‌ಗೆ ಅದರ ಡ್ರೈವರ್ ಸಿಗಲಿಲ್ಲ, ಲಿನಕ್ಸ್ ಮಾತ್ರ ಗುರುತು ಹಿಡಿಯಿತು. ಖುಷಿಯಿಂದ ಮೊದಲ ಹಾಳೆ ತೆಗೆದು ಅಪ್ಪನ ಕೈಗಿತ್ತೆ. ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಏನಪಾ ಇದು, ನಮ್ಮೂರನ್ನ ಮುರದು ಇಟ್ಟೀಯಲ್ಲ?”

ನೋಡಿದರೆ ಹೌದು! ಪರದೆ ಮೇಲೆ ‘ಹುಬ್ಬಳ್ಳಿ’ ಅಂತ ಚೆಂದಾಗಿ ಕಾಣುತ್ತಿದ್ದದ್ದು ಕಾಗದದ ಮೇಲೆ ‘ಹುಬ್‌ಬಳ್‌ಳಿ’ ಆಗಿತ್ತು. ಒತ್ತಕ್ಷರಗಳೆಲ್ಲ ಬಿಡಿ ಬಿಡಿ. ಅವತ್ತು ರಾತ್ರಿ ಆ ಒತ್ತಿನ ಬೆನ್ನು ಹತ್ತಿದವನು ಎಲ್ಲೆಲ್ಲಿಗೋ ಹೋಗಿ ಬಂದೆ.

ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. 1841ರಲ್ಲಿ ಮಂಗಳೂರಿನಲ್ಲಿ ಅವರ ಮುದ್ರಣಾಲಯ ಶುರುವಾಯಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಅಲ್ಲೇ ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಿ, ಎಣ್ಣೆ-ನೀರು ಒಂದಕ್ಕೊಂದು ಸೇರದ ಗುಣದಿಂದ ಅಚ್ಚು ತೆಗೆಯುವ ವಿಧಾನ ಅದು. ಇದರಲ್ಲಿ ಒತ್ತಕ್ಷರದ ತಕರಾರೇ ಇಲ್ಲ. ಕೈ ಬರೆದದ್ದನ್ನು ಕಲ್ಲು ಒತ್ತುತ್ತದೆ, ಕಲ್ಲಿಗೆ ಕನ್ನಡ ಬರಬೇಕಿಲ್ಲ.

ತಕರಾರು ಶುರುವಾಗುವುದು ಬಿಡಿ ಅಚ್ಚುಮೊಳೆಗಳಿಂದ. ಇಂಗ್ಲಿಷಿಗೆ 26 ಅಕ್ಷರದ ಸಂಸಾರ. ನಮಗೋ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಮೊಳೆ. ಆದರೂ ಜೋಡಿಸುವವನಿಗೆ ಕನ್ನಡ ಬರುತ್ತಿತ್ತು, ಎಲ್ಲಿ ಯಾವ ಒತ್ತು ಅಂತ ಅವನ ಕೈಗೇ ಗೊತ್ತಿತ್ತು. ಕಂಪ್ಯೂಟರ್ ಬಂದಾಗ ಆ ಕೈ ಹೋಯಿತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರಗಳು ಮೊದಲೇ ಕೂತಿದ್ದವು. ಕಂಪ್ಯೂಟರ್ ಬರೀ ಸಂಖ್ಯೆ ಕಳಿಸಿದರೆ ಸಾಕು, ಅದು ಅಕ್ಷರ ಕುಟ್ಟುತ್ತಿತ್ತು. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ.

ಇತ್ತ ಅಮೆರಿಕದಲ್ಲಿ ಇನ್ನೊಂದು ಜಗಳ. 1980ರ ಸುಮಾರಿಗೆ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತ್ತು. ಕಾಗದ ಸಿಕ್ಕಿಬಿದ್ದರೆ ಕಂಪ್ಯೂಟರಿಗೆ ಸುದ್ದಿ ಬರುವಂತೆ ಮಾಡಬೇಕು ಅಂತ ರಿಚರ್ಡ್ ಸ್ಟಾಲ್‌ಮನ್‌ಗೆ ಆಸೆ. ಹಳೇ ಪ್ರಿಂಟರಿಗೆ ಹಾಗೆ ಮಾಡಿಯೂ ಇದ್ದ. ಹೊಸದರ ಸೋರ್ಸ್ ಕೋಡ್ ಮಾತ್ರ ಸಿಗಲೇ ಇಲ್ಲ. ಆ ಸಿಟ್ಟೂ ಸೇರಿ 1983ರಲ್ಲಿ ಗ್ನೂ ಯೋಜನೆ ಹುಟ್ಟಿತು. ಲಿನಕ್ಸ್ ಬಂದದ್ದು ಆಮೇಲೆ, 1991ರಲ್ಲಿ. ಅಂದರೆ ನಾವಿವತ್ತು ಬಳಸುವ ಸ್ವತಂತ್ರ ತಂತ್ರಾಂಶದ ಬುಡದಲ್ಲೇ ಒಂದು ಪ್ರಿಂಟರ್ ಕೂತಿದೆ :)

1984ರಲ್ಲಿ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಬಂತು. ಇಡೀ ಪುಟವನ್ನು ಗೆರೆ, ಬಾಗು, ಆಕಾರಗಳಾಗಿ ವರ್ಣಿಸುವ ಭಾಷೆ. ಅದನ್ನು ಓದುವ ಪ್ರಿಂಟರುಗಳು ಬಲು ದುಬಾರಿ. 1988ರಲ್ಲಿ ಪೀಟರ್ ಡಾಯಿಚ್ ಹೊರತಂದ ಘೋಸ್ಟ್‌ಸ್ಕ್ರಿಪ್ಟ್ ಆ ಕೆಲಸವನ್ನು ಕಂಪ್ಯೂಟರಿನಲ್ಲೇ ಮಾಡಿ, ಸಾದಾ ಪ್ರಿಂಟರಿಗೆ ಬರೀ ಚುಕ್ಕೆಗಳನ್ನು ಕಳಿಸಿತು. ಮೈಕೆಲ್ ಸ್ವೀಟ್ 1997ರಲ್ಲಿ ಶುರುಮಾಡಿದ ಕಪ್ಸ್ ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿತು. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್‌ನ 631ನೇ ಪೋರ್ಟ್ ತೆರೆದರೆ ಸಿಗುವ ಪುಟ ಅದರದೇ. 2007ರಲ್ಲಿ ಆಪಲ್ ಅದನ್ನು ಕೊಂಡಿತು. 2020ರಲ್ಲಿ ಓಪನ್‌ಪ್ರಿಂಟಿಂಗ್ ಬಳಗ ಅದರದೊಂದು ಕವಲು ತೆಗೆದು ಮುಂದುವರಿಸಿತು.

ನನಗೆ ಹೊಳೆದದ್ದು ಇಲ್ಲೇ ನೋಡಿ. ಚುಕ್ಕೆಗಳ ಈ ದಾರಿ ಅಂದರೆ ಮತ್ತೆ ಕಲ್ಲಚ್ಚೇ! ಪ್ರಿಂಟರಿಗೆ ಕನ್ನಡ ಬರಬೇಕಿಲ್ಲ, ಕೊಟ್ಟ ಚಿತ್ರ ಒತ್ತಿದರೆ ಸಾಕು. ಹಾಗಾದರೆ ನನ್ನ ಹುಬ್ಬಳ್ಳಿ ಮುರಿದದ್ದೆಲ್ಲಿ? ಪ್ರಿಂಟರಿನಲ್ಲಿ ಅಲ್ಲ. ಯುನಿಕೋಡಿನಲ್ಲಿ ‘ಬ್ಬ’ ಅನ್ನುವುದು ಬ, ಹಲಂತ, ಬ ಅಂತ ಮೂರು ಸಂಕೇತ. ಅವನ್ನು ಕೂಡಿಸಿ ಒತ್ತು ಮೂಡಿಸುವುದು ಪ್ಯಾಂಗೊ, ಹಾರ್ಫ್‌ಬಜ್‌ನಂಥ ತಂತ್ರಾಂಶಗಳ ಕೆಲಸ. ಆ ಹಳೇ ಮೊಳೆ ಜೋಡಿಸುವವನ ಕೈ ಈಗ ಅಲ್ಲಿದೆ. ನಾನು ಬಳಸಿದ ಹಳೇ ಎಡಿಟರ್ ಪರದೆಗೆ ಆ ಕೈ ಕರೆಯುತ್ತಿತ್ತು, ಮುದ್ರಿಸುವಾಗ ಬಿಟ್ಟುಬಿಡುತ್ತಿತ್ತು. ಅದೇ ಬರಹವನ್ನು ಲಿಬ್ರೆ ಆಫೀಸಿನಲ್ಲಿ ತೆರೆದು, ಪಿಡಿಎಫ್ ಮಾಡಿ, ಆಮೇಲೆ ಮುದ್ರಣಕ್ಕೆ ಕೊಟ್ಟೆ. ಒತ್ತುಗಳೆಲ್ಲ ತಂತಮ್ಮ ಜಾಗಕ್ಕೆ ಬಂದು ಕೂತವು.

ಸ್ಪೈರಲ್ ಬೈಂಡ್ ಮಾಡಿಸಿ ಕೊಟ್ಟೆ. ಅಪ್ಪ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಹದಿನೈದು ದಿನ ಓದಿದರು, ಕೈಯಲ್ಲಿ ಕೆಂಪು ಪೆನ್ನು. ಕೊನೆಗೆ ಪುಸ್ತಕ ವಾಪಸ್ ಕೊಡುತ್ತ ಹೇಳಿದ್ದು: “ಒತ್ತೆಲ್ಲಾ ಛಲೋ ಬಂದಾವ. ಉಳದ ತಪ್ಪು ಯಂತ್ರದ್ದಲ್ಲಪಾ, ನಿಂದs.”